ಕೊಲ್ಲದೆ ಜಿಂಕೆಗೆ ಸಿಡಬ್ಲ್ಯೂಡಿ ಪರೀಕ್ಷೆ ಮಾಡಲು ಆಗುವುದಿಲ್ಲವೇ?

ಪ್ರಶ್ನೆ: ನಾವು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮ್ಯಾಡಿಸನ್ ಊರಿನ ಹೊರವಲಯದಲ್ಲಿ ಇದ್ದೇವೆ. ಹಿತ್ತಲಿಗೆ ದಿನಾ ಜಿಂಕೆಗಳು ಬರುತ್ತವೆ. ಈ ಕಡೆಯ ಜಿಂಕೆಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಅಂದರೆ ಸಿಡಬ್ಲ್ಯೂಡಿ ಎಂಬ ಮಿದುಳಿನ ಕಾಯಿಲೆ ಇದೆಯಂತೆ. ಅದನ್ನು ಪರೀಕ್ಷೆ ಮಾಡಬೇಕಾದರೆ ಜಿಂಕೆ ಸತ್ತಿರಬೇಕು ಎನ್ನುತ್ತಾರೆ. ಮನುಷ್ಯರಿಗೆ ಸ್ವಲ್ಪ ರಕ್ತ ತೆಗೆದರೆ ಎಷ್ಟೆಲ್ಲ ಗೊತ್ತಾಗುತ್ತದೆ. ಜಿಂಕೆಯನ್ನು ಕೊಲ್ಲದೆ ಯಾಕೆ ಆಗುವುದಿಲ್ಲ? ಪರಿಚಯದವರೊಬ್ಬರು ಜಿಂಕೆ ಫಾರ್ಮ್ ಇಟ್ಟಿದ್ದಾರೆ. "ನಮ್ಮ ಜಿಂಕೆಗಳಿಗೆ ಬದುಕಿದ್ದಾಗಲೇ ಟೆಸ್ಟ್ ಮಾಡಿಸಿದ್ದೇವೆ, ನೆಗೆಟಿವ್" ಎಂದು ಹೇಳಿ ಮಾಂಸ ಕೊಡುತ್ತೇನೆ ಎನ್ನುತ್ತಾರೆ. ನಂಬಬಹುದೇ? ಇನ್ನೊಂದು, ಹಿತ್ತಲಿಗೆ ಬರುವ ಒಂದು ಜಿಂಕೆ ತುಂಬಾ ಬಡಕಲಾಗಿದೆ. ಅದನ್ನು ಯಾರಾದರೂ ಹಿಡಿದು ಪರೀಕ್ಷೆ ಮಾಡುತ್ತಾರಾ?

ಉತ್ತರ: ಬದುಕಿರುವ ಜಿಂಕೆಗೂ ಪರೀಕ್ಷೆ ಇದೆ. ಇಪ್ಪತ್ತು ವರ್ಷಗಳಿಗಿಂತ ಜಾಸ್ತಿ ಕಾಲದಿಂದ ಇದೆ. ಆದರೆ ಅದು ರಕ್ತಪರೀಕ್ಷೆ ಅಲ್ಲ. ಜಿಂಕೆಯ ಗಂಟಲಿನಿಂದಲೋ ಗುದದ್ವಾರದ ಒಳಗಿನಿಂದಲೋ ಒಂದು ಚೂರು ಕತ್ತರಿಸಿ ತೆಗೆಯಬೇಕು. ಆ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ಮಾತ್ರ "ಈ ಚೂರಿನಲ್ಲಿ, ಈ ದಿನ, ಸಿಗಲಿಲ್ಲ" ಎಂದಷ್ಟೇ ಅರ್ಥ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಈ ವ್ಯತ್ಯಾಸದಲ್ಲೇ ಇದೆ. ಹಾಗಾಗಿ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ರಕ್ತದ ವಿಷಯ. ಒಂದು ಸೋಂಕನ್ನು ರಕ್ತದಲ್ಲಿ ಹುಡುಕಲು ಸಾಮಾನ್ಯವಾಗಿ ಎರಡು ದಾರಿ. ಒಂದು, ರೋಗಾಣುವಿನ ಡಿಎನ್‌ಎ ಅಥವಾ ಆರ್‌ಎನ್‌ಎ ಹುಡುಕುವುದು. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಪಿಸಿಆರ್ ಮಾಡುವುದು ಇದನ್ನೇ. ಇನ್ನೊಂದು, ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುವುದು. ಸಿಡಬ್ಲ್ಯೂಡಿಯಲ್ಲಿ ಈ ಎರಡು ದಾರಿಯೂ ಮುಚ್ಚಿದೆ. ಯಾಕೆಂದರೆ ಈ ಕಾಯಿಲೆ ತರುವುದು ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಅದು ಪ್ರಿಯಾನ್, ಅಂದರೆ ಮಡಿಕೆ ತಪ್ಪಿದ ಒಂದು ಪ್ರೋಟೀನ್. ಅದರಲ್ಲಿ ಡಿಎನ್‌ಎ ಇಲ್ಲ, ಆರ್‌ಎನ್‌ಎ ಇಲ್ಲ. ಪಿಸಿಆರ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಇನ್ನು ಪ್ರತಿಕಾಯ. ಅದೇ ಪ್ರೋಟೀನು ಸರಿಯಾದ ಮಡಿಕೆಯಲ್ಲಿ ಆರೋಗ್ಯವಂತ ಜಿಂಕೆಯ ಮೈಯಲ್ಲೂ ಹುಟ್ಟಿನಿಂದಲೇ ಇರುತ್ತದೆ. ಹಾಗಾಗಿ ದೇಹ ಅದನ್ನು ತನ್ನದೇ ಎಂದು ತಿಳಿದು ಸುಮ್ಮನಿರುತ್ತದೆ. ಜ್ವರ ಬರುವುದಿಲ್ಲ, ಪ್ರತಿಕಾಯ ಹುಟ್ಟುವುದಿಲ್ಲ.

ಒಂದು ಚಮಚ ಹೆಪ್ಪು ಪಾತ್ರೆ ತುಂಬ ಹಾಲನ್ನು ಮೊಸರು ಮಾಡುತ್ತದಲ್ಲ, ಪ್ರಿಯಾನ್ ಕೆಲಸ ಮಾಡುವುದು ಹೆಚ್ಚುಕಡಿಮೆ ಹಾಗೆ. ಮಡಿಕೆ ತಪ್ಪಿದ ಒಂದು ಪ್ರೋಟೀನು ಪಕ್ಕದ ಒಳ್ಳೆಯ ಪ್ರೋಟೀನನ್ನು ಮುಟ್ಟಿ ತನ್ನಂತೆ ಮಾಡುತ್ತದೆ, ಅದು ಮುಂದಿನದನ್ನು. ಇದು ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಕೊನೆಗೆ ಮಿದುಳಿನಲ್ಲಿ ಸಣ್ಣ ಸಣ್ಣ ತೂತುಗಳಾಗುತ್ತವೆ. 1967ರಲ್ಲಿ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನ ಒಂದು ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಮ್ಯೂಲ್ ಎಂಬ ಜಾತಿಯ ಜಿಂಕೆಗಳು ಒಂದೊಂದಾಗಿ ಬಡವಾಗಿ ಸಾಯತೊಡಗಿದವು. ಕಾರಣ ಗೊತ್ತಾಗಲು ಹತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು. 1978ರಲ್ಲಿ ಎಲಿಜಬೆತ್ ವಿಲಿಯಮ್ಸ್ ಎಂಬ ಪಶುವೈದ್ಯೆ ಆ ಜಿಂಕೆಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಕುರಿಗಳ ಮಿದುಳಿಗೆ ಬರುವ ಸ್ಕ್ರೇಪಿ ಕಾಯಿಲೆಯ ಜಾತಿಯದ್ದು ಎಂದು ಗುರುತಿಸಿದರು. ಆಗ ಗುರುತಿಸಿದ್ದು ಸತ್ತ ಜಿಂಕೆಯ ಮಿದುಳಿನಲ್ಲಿ. ಇವತ್ತಿಗೂ ಅತ್ಯಂತ ಭರವಸೆಯ ಪರೀಕ್ಷೆ ಸತ್ತ ಜಿಂಕೆಯ ತಲೆಯಿಂದಲೇ ಬರುತ್ತದೆ.

ಯಾಕೆ ತಲೆಯೇ ಬೇಕು? ಪ್ರಿಯಾನ್ ಮೈಯಲ್ಲಿ ಸಾಗುವ ದಾರಿ ನೋಡಿದರೆ ಗೊತ್ತಾಗುತ್ತದೆ. ಜಿಂಕೆ ಮೇಯುವಾಗಲೋ ಇನ್ನೊಂದು ಜಿಂಕೆಯನ್ನು ನೆಕ್ಕುವಾಗಲೋ ಅದು ಬಾಯಿಯಿಂದ ಒಳಗೆ ಹೋಗುತ್ತದೆ. ಮೊದಲು ಸೇರುವುದು ಗಂಟಲಿನ ಟಾನ್ಸಿಲ್ ಮತ್ತು ಗಂಟಲ ಹಿಂದಿನ ದುಗ್ಧಗ್ರಂಥಿಗಳನ್ನು (ಇಂಗ್ಲಿಷಿನಲ್ಲಿ ಲಿಂಫ್ ನೋಡ್). ಮ್ಯೂಲ್ ಜಿಂಕೆ ಮರಿಗಳಿಗೆ ಬಾಯಿಯ ಮೂಲಕ ಸೋಂಕು ಕೊಟ್ಟು ನೋಡಿದಾಗ, 42 ದಿನಗಳಲ್ಲೇ ಆ ಗ್ರಂಥಿಗಳಲ್ಲಿ ಪ್ರಿಯಾನ್ ಕಂಡಿತ್ತು. ಆಮೇಲೆ ಕರುಳಿನ ಉದ್ದಕ್ಕೂ ಇರುವ ದುಗ್ಧಕೋಶಗಳ ಗುಂಪುಗಳಿಗೆ ಹರಡುತ್ತದೆ. ಅಲ್ಲಿಂದ ನರಗಳ ದಾರಿ ಹಿಡಿದು ಮಿದುಳಿನ ಬುಡಕ್ಕೆ ಹೋಗುತ್ತದೆ. ಮಿದುಳಿನಲ್ಲಿ ಮೊದಲು ಕಾಣಿಸುವ ಜಾಗಕ್ಕೆ ಆಬೆಕ್ಸ್ ಎನ್ನುತ್ತಾರೆ. ಮಿದುಳು ಬೆನ್ನುಹುರಿಗೆ ಸೇರುವ ಕಡೆ ಅದು ಇದೆ. ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಒಂದೂವರೆ ವರ್ಷದಿಂದ ಮೂರು ವರ್ಷ ಆಗಿರುತ್ತದೆ.

ಅದಕ್ಕೇ ಸತ್ತ ಜಿಂಕೆಯಲ್ಲಿ ಎರಡು ಕಡೆಯಿಂದ ಮಾದರಿ ತೆಗೆಯುತ್ತಾರೆ: ಗಂಟಲ ಹಿಂದಿನ ದುಗ್ಧಗ್ರಂಥಿ ಮತ್ತು ಆಬೆಕ್ಸ್. ಒಂದು ಸೋಂಕಿನ ಆರಂಭವನ್ನು ಹಿಡಿಯುತ್ತದೆ, ಇನ್ನೊಂದು ಮುಂದುವರಿದದ್ದನ್ನು. ನಿಮ್ಮ ಕಡೆಯ ಬಿಳಿಬಾಲದ ಜಿಂಕೆಯಲ್ಲಿ ಗ್ರಂಥಿಯೇ ಮೊದಲು ಪಾಸಿಟಿವ್ ಆಗುತ್ತದೆ. ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗಳಲ್ಲಿ ಕೆಲವೊಮ್ಮೆ ಗ್ರಂಥಿಯಲ್ಲಿ ಏನೂ ಕಾಣದೆ ಮಿದುಳಿನಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ಎರಡೂ ಬೇಕು. ಪ್ರಯೋಗಾಲಯದಲ್ಲಿ ಎಲೈಸಾ ಮಾಡುತ್ತಾರೆ, ಅಂದರೆ ಮಾದರಿಯನ್ನು ಅರೆದು ಅದರಲ್ಲಿ ಪ್ರಿಯಾನ್ ಹುಡುಕುತ್ತಾರೆ, ಅಥವಾ ತೆಳುವಾಗಿ ಕತ್ತರಿಸಿದ ಚೂರಿಗೆ ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯ ಹಚ್ಚಿ ಬಣ್ಣ ಬರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಎರಡನೆಯದಕ್ಕೆ ಐಎಚ್‌ಸಿ ಎನ್ನುತ್ತಾರೆ. ಖಚಿತಪಡಿಸುವ ಪರೀಕ್ಷೆ ಇದೇ.

ಬದುಕಿರುವ ಜಿಂಕೆಯ ಆಬೆಕ್ಸ್‌ಗೆ ಕೈ ಹಾಕಲು ಸಾಧ್ಯವೇ ಇಲ್ಲ. ಉಳಿದದ್ದು ದುಗ್ಧಕೋಶಗಳಿರುವ, ಕೈಗೆ ಎಟುಕುವ ಜಾಗಗಳು.

ಮೊದಲು ಯಶಸ್ವಿಯಾಗಿದ್ದು ಟಾನ್ಸಿಲ್. ಜಿಂಕೆಗೆ ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿ ಅಗಲಿಸಿ, ಉದ್ದನೆಯ ಚಿಮುಟದಿಂದ ಗಂಟಲಿನ ಒಳಗಿನ ಚೂರು ತೆಗೆಯಬೇಕು. ಕೊಲರಾಡೊದಲ್ಲಿ 2000ದ ದಶಕದ ಆರಂಭದಲ್ಲಿ, ರಾಕಿ ಪರ್ವತದ ಬುಡದ ಎಸ್ಟೆಸ್ ಪಾರ್ಕ್ ಊರಿನಲ್ಲಿ ಇದನ್ನು ಮಾಡಿ ನೋಡಿದರು. ಆ ಊರಿನ ಬೀದಿಗಳಲ್ಲಿ ಮ್ಯೂಲ್ ಜಿಂಕೆಗಳು ಆರಾಮವಾಗಿ ಓಡಾಡಿಕೊಂಡಿರುತ್ತವೆ. ಅವನ್ನು ಮಂಪರು ಮದ್ದು ಹೊಡೆದು ಬೀಳಿಸಿ, ಟಾನ್ಸಿಲ್ ಚೂರು ತೆಗೆದು, ಗುರುತು ಹಾಕಿ ಬಿಟ್ಟರು. ಪಾಸಿಟಿವ್ ಬಂದವನ್ನು ಮತ್ತೆ ಹುಡುಕಿ ಕೊಂದರು. ಊರೊಳಗಿನ ಜಿಂಕೆಗಳಿಗೆ ಈ ಕ್ರಮ ಸಾಧ್ಯ ಎಂದು ಗೊತ್ತಾಯಿತು. ಆದರೆ ತಗಲುವ ಶ್ರಮ ತುಂಬಾ. ಸಾಧು ಜಿಂಕೆಗಳಿರುವ ಒಂದು ಪುಟ್ಟ ಊರಿಗೇ ಅಷ್ಟು ಕೆಲಸವಾದರೆ, ಕಾಡಿನಲ್ಲಿ ಹರಡಿಕೊಂಡ ಸಾವಿರಾರು ಜಿಂಕೆಗಳಿಗೆ ಎಲ್ಲಿಂದ ಆಗಬೇಕು?

ಆಮೇಲೆ ಬಂದದ್ದು ಗುದನಾಳದ ಬಯಾಪ್ಸಿ. ಈಗ ಹೆಚ್ಚಾಗಿ ಬಳಸುವುದು ಇದನ್ನೇ. ಗುದದ್ವಾರದ ಒಳಗೆ, ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಆಚೆ, ಒಳಪದರದಲ್ಲಿ ದುಗ್ಧಕೋಶಗಳ ಸಣ್ಣ ಉಂಡೆಗಳಿರುತ್ತವೆ. ಅವಕ್ಕೆ ಫಾಲಿಕಲ್ ಎನ್ನುತ್ತಾರೆ. ಪ್ರಿಯಾನ್ ಬಂದು ಕೂರುವುದು ಅವುಗಳ ನಡುವೆ. ಫಾರ್ಮಿನ ಜಿಂಕೆಯಾದರೆ ಎರಡೂ ಕಡೆ ಗೋಡೆ ಒತ್ತಿ ಹಿಡಿಯುವ ಕಿರಿದಾದ ಕಟಕಟೆಗೆ ನುಗ್ಗಿಸಿ ನಿಲ್ಲಿಸುತ್ತಾರೆ. ಆ ಜಾಗ ಮರಗಟ್ಟಲು ಮದ್ದು ಹಚ್ಚಿ, ಚಿಮುಟದಿಂದ ಒಳಪದರವನ್ನು ಎತ್ತಿ, ಕತ್ತರಿಯಿಂದ ಹುರುಳಿಕಾಳಿನಷ್ಟು ಕತ್ತರಿಸುತ್ತಾರೆ. ಕೈ ಪಳಗಿದವರಿಗೆ ಇದು ಕೆಲವೇ ನಿಮಿಷಗಳ ಕೆಲಸ.

ಕೇಳಲು ಸುಲಭ. ತೊಡಕು ಆ ಫಾಲಿಕಲ್‌ಗಳಲ್ಲಿದೆ. ಕತ್ತರಿಸಿದ ಚೂರಿನಲ್ಲಿ ಸಾಕಷ್ಟು ಫಾಲಿಕಲ್ ಇಲ್ಲದಿದ್ದರೆ ಪರೀಕ್ಷೆ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಜಿಂಕೆಗೆ ವಯಸ್ಸಾದಂತೆ ಅವು ಕಡಿಮೆಯಾಗುತ್ತಾ ಹೋಗುತ್ತವೆ. ಒಮ್ಮೆ ಕತ್ತರಿಸಿದ ಜಾಗದಲ್ಲಿ ಗಾಯದ ಕಲೆ ಬೆಳೆಯುತ್ತದೆ. ಹಾಗಾಗಿ ಅದೇ ಜಿಂಕೆಗೆ ಪದೇ ಪದೇ ಪರೀಕ್ಷೆ ಮಾಡುವುದೂ ಕಷ್ಟ. ಆರು ತಿಂಗಳಿಗೊಮ್ಮೆ ರಕ್ತ ತೆಗೆದು ನೋಡಿದ ಹಾಗೆ ಇದನ್ನು ನೋಡಲು ಆಗುವುದಿಲ್ಲ.

ಈ ಪರೀಕ್ಷೆ ಎಷ್ಟು ನಂಬಿಗಸ್ತ ಎಂಬುದಕ್ಕೆ ಒಳ್ಳೆಯ ಲೆಕ್ಕ ಇದೆ. ಸೋಂಕು ಇದ್ದ 4 ಫಾರ್ಮುಗಳ ಬಿಳಿಬಾಲದ ಜಿಂಕೆಗಳನ್ನು ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅಲ್ಲಿ ಗುದನಾಳದ ಚೂರಿನ ಫಲಿತಾಂಶವನ್ನು ಅದೇ ಜಿಂಕೆಯ ಆಬೆಕ್ಸ್, ಗಂಟಲ ಗ್ರಂಥಿ ಮತ್ತು ಟಾನ್ಸಿಲ್ ಫಲಿತಾಂಶದ ಜೊತೆ ಹೋಲಿಸಿದರು. ನಿಜವಾಗಿ ಸೋಂಕು ಇದ್ದ 100 ಜಿಂಕೆಗಳಲ್ಲಿ ಗುದನಾಳದ ಪರೀಕ್ಷೆ ಹಿಡಿದದ್ದು ಸರಾಸರಿ 68ನ್ನು. 32 ಜಿಂಕೆಗಳು ನೆಗೆಟಿವ್ ಎನಿಸಿಕೊಂಡು ಪಾರಾಗುತ್ತವೆ ಎಂದಾಯಿತು.

ಆ 68 ಬರೀ ಸರಾಸರಿ. ಒಳಗೆ ನೋಡಿದರೆ ಚಿತ್ರವೇ ಬೇರೆ. ಪ್ರಿಯಾನ್ ಮಿದುಳಿನಲ್ಲಿ ಚೆನ್ನಾಗಿ ಬೇರೂರಿದ್ದ ಜಿಂಕೆಗಳಲ್ಲಿ, ಅವು ಹೊರಗೆ ಇನ್ನೂ ಆರೋಗ್ಯವಾಗಿ ಕಾಣುತ್ತಿದ್ದರೂ, ಈ ಪರೀಕ್ಷೆ 100ಕ್ಕೆ 100 ಹಿಡಿಯಿತು. ಸೋಂಕು ಇನ್ನೂ ಮಿದುಳು ಮುಟ್ಟದ ಆರಂಭದ ಹಂತದಲ್ಲಿ ಹಿಡಿದದ್ದು 100ಕ್ಕೆ 36 ಮಾತ್ರ. ನನಗೆ ತುಂಬಾ ಮುಖ್ಯ ಅನಿಸುವ ಅಂಕಿ ಇದು. ಆರಂಭದಲ್ಲೇ ಹಿಡಿದರೆ ತಾನೇ ಹರಡುವುದನ್ನು ತಡೆಯಲು ಆಗುವುದು? ಪರೀಕ್ಷೆ ಸೋಲುವುದು ಸರಿಯಾಗಿ ಅಲ್ಲೇ. ಹಾಗೆಂದು ಆ ಜಿಂಕೆ ಯಾರಿಗೂ ಸೋಂಕು ಹಬ್ಬಿಸದೆ ಇರುತ್ತದೆ ಎನ್ನುವಂತಿಲ್ಲ. ಸಿಡಬ್ಲ್ಯೂಡಿ ಇರುವ ಜಿಂಕೆಯ ಜೊಲ್ಲಿನಿಂದ ಸೋಂಕು ದಾಟುತ್ತದೆ ಎಂದು 2006ರಲ್ಲೇ ತೋರಿಸಿದ್ದಾರೆ. ಲಕ್ಷಣ ಬರುವುದಕ್ಕೆ ಎಷ್ಟೋ ತಿಂಗಳು ಮೊದಲೇ ಹಿಕ್ಕೆಯಲ್ಲಿ ಪ್ರಿಯಾನ್ ಹೊರಬರುತ್ತದೆ ಎಂದು 2009ರಲ್ಲಿ ತಿಳಿಯಿತು.

ಇನ್ನೊಂದು ಅಂಶ ಜಿಂಕೆಯ ವಂಶವಾಹಿ. ಪ್ರಿಯಾನ್ ಪ್ರೋಟೀನಿನ ಜೀನ್‌ನಲ್ಲಿ 96ನೇ ಸ್ಥಾನ ಎಂದು ಒಂದಿದೆ. ಬಿಳಿಬಾಲದ ಜಿಂಕೆಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಎರಡೂ ಪ್ರತಿಗಳಲ್ಲಿ 'ಜಿ' ಇರುತ್ತದೆ. ಕೆಲವದರಲ್ಲಿ ಒಂದು 'ಜಿ', ಒಂದು 'ಎಸ್'. ಪ್ರೋಟೀನಿನ ಆ ಜಾಗದಲ್ಲಿ ಕೂರುವ ಎರಡು ಬೇರೆ ಅಮೈನೋ ಆಮ್ಲಗಳ ಗುರುತು ಇವು. 'ಎಸ್' ಇದ್ದರೆ ಕಾಯಿಲೆ ನಿಧಾನವಾಗಿ ಬೆಳೆಯುತ್ತದೆ. ಅದೇ ಅಧ್ಯಯನದಲ್ಲಿ ಜಿ-ಜಿ ಜಿಂಕೆಗಳಲ್ಲಿ 100ಕ್ಕೆ 76 ಸಿಕ್ಕಿದರೆ, ಜಿ-ಎಸ್ ಜಿಂಕೆಗಳಲ್ಲಿ 42 ಮಾತ್ರ. ಈಗ ಕೆಲವು ಫಾರ್ಮುಗಳು ನಿಧಾನ ತಳಿಯನ್ನೇ ಆರಿಸಿ ಬೆಳೆಸುತ್ತಿವೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಅಂಥ ಹಿಂಡಿನಲ್ಲಿ ಬದುಕಿರುವ ಜಿಂಕೆಯ ನೆಗೆಟಿವ್ ಫಲಿತಾಂಶಕ್ಕೆ ಬೆಲೆ ಇನ್ನೂ ಕಡಿಮೆ. ಇದನ್ನು ಫಾರ್ಮಿನವರು ಗಿರಾಕಿಗಳಿಗೆ ಬಿಡಿಸಿ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಾಸಿಟಿವ್ ಯಾಕೆ ನಂಬಬಹುದು ಎಂದೆ ಅಲ್ವಾ, ಅದಕ್ಕೂ ಅಂಕಿ ಇದೆ. ಸೋಂಕಿಲ್ಲದ ಜಿಂಕೆಯನ್ನು ಸರಿಯಾಗಿ ನೆಗೆಟಿವ್ ಎಂದದ್ದು 100ಕ್ಕೆ 99.8 ಸಲ. ಸೋಂಕೇ ಇಲ್ಲದ 500 ಜಿಂಕೆಗಳನ್ನು ಪರೀಕ್ಷಿಸಿದರೆ ಒಂದು ತಪ್ಪು ಪಾಸಿಟಿವ್ ಬರಬಹುದು, ಅಷ್ಟೇ.

ಹಾಗಾದರೆ ಇದು ಉಪಯೋಗಕ್ಕೆ ಬಾರದ ಪರೀಕ್ಷೆಯೇ? ಖಂಡಿತ ಅಲ್ಲ. ಒಂದೊಂದು ಜಿಂಕೆಯ ಮಟ್ಟಿಗೆ ದುರ್ಬಲವಾದ ಪರೀಕ್ಷೆ ಹಿಂಡಿನ ಮಟ್ಟದಲ್ಲಿ ಬಲವಾಗುತ್ತದೆ. ಒಂದು ಫಾರ್ಮಿನಲ್ಲಿ ಸೋಂಕಿನ ಜಿಂಕೆ ಒಂದೇ ಇದ್ದರೆ ಅದು ತಪ್ಪಿಸಿಕೊಳ್ಳುವ ಸಾಧ್ಯತೆ 100ಕ್ಕೆ 32. ಮೂರು ಇದ್ದರೆ ಮೂರೂ ತಪ್ಪಿಸಿಕೊಳ್ಳುವ ಸಾಧ್ಯತೆ 100ಕ್ಕೆ ಸುಮಾರು 3ಕ್ಕೆ ಇಳಿಯುತ್ತದೆ. 0.32ನ್ನು ಮೂರು ಸಲ ಗುಣಿಸಿ ನೋಡಿ. ಅಂದರೆ ಇಡೀ ಹಿಂಡನ್ನು ಪರೀಕ್ಷಿಸಿದರೆ "ಈ ಫಾರ್ಮಿಗೆ ರೋಗ ಬಂದಿದೆಯೇ" ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುತ್ತದೆ. "ಈ ಒಂದು ಜಿಂಕೆಗೆ ರೋಗ ಇಲ್ಲವೇ" ಎಂಬುದಕ್ಕೆ ಸಿಗುವುದಿಲ್ಲ. ಆದರೆ ಸೋಂಕು ಹೊಸದಾಗಿ ಬಂದಿದ್ದು, ಮೂರೂ ಜಿಂಕೆಗಳು ಆರಂಭದ ಹಂತದಲ್ಲೇ ಇದ್ದರೆ ಲೆಕ್ಕ ಬದಲಾಗುತ್ತದೆ. ಆಗ ಮೂರೂ ತಪ್ಪಿಸಿಕೊಳ್ಳುವ ಸಾಧ್ಯತೆ 100ಕ್ಕೆ 26. ಅದಕ್ಕೇ ಸರ್ಕಾರಿ ಪಶುವೈದ್ಯರು ಒಂದು ಸಲದ ನೆಗೆಟಿವ್ ಫಲಿತಾಂಶ ನೋಡಿ ಹಿಂಡಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಹಿಂಡು ಪ್ರಮಾಣೀಕರಣ ಯೋಜನೆಯಲ್ಲಿ ಹಿಂಡು 5 ವರ್ಷ ರೋಗದ ಸುಳಿವಿಲ್ಲದೆ ನಿಗಾದಲ್ಲಿ ಇರಬೇಕು. ಅಷ್ಟೂ ಕಾಲ, ಒಂದು ವರ್ಷ ದಾಟಿದ ಯಾವ ಜಿಂಕೆ ಸತ್ತರೂ ಅದರ ತಲೆಯ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಬದುಕಿರುವ ಜಿಂಕೆಯ ಪರೀಕ್ಷೆ ಆ ನಿಗಾಕ್ಕೆ ಸಹಾಯಕ ಮಾತ್ರ. ಟೆಕ್ಸಸ್ ರಾಜ್ಯ 2021ರಿಂದ ಫಾರ್ಮಿನ ಜಿಂಕೆಗಳನ್ನು ಬೇರೆ ಕಡೆ ಬಿಡುವ ಮೊದಲು ಬದುಕಿದ್ದಾಗಲೇ ಪರೀಕ್ಷೆ ಆಗಬೇಕು ಎಂದು ನಿಯಮ ಮಾಡಿತು. ಅದು ಒಳ್ಳೆಯ ನಡೆ. ಲಾರಿಯಲ್ಲಿ ಹೋಗುವ ಒಂದು ಜಿಂಕೆ ನೂರಾರು ಮೈಲಿ ಆಚೆ ರೋಗವನ್ನು ಇಳಿಸಿಬಿಡಬಲ್ಲದು. ಮೂರರಲ್ಲಿ ಎರಡನ್ನಾದರೂ ಬಾಗಿಲಲ್ಲೇ ಹಿಡಿದರೆ ಅದು ಸಣ್ಣ ಲಾಭವಲ್ಲ.

ಫಾರ್ಮಿನಲ್ಲಿ ಒಂದು ಪಾಸಿಟಿವ್ ಬಂದರೆ ಆ ಒಂದನ್ನೇ ಯಾಕೆ ತೆಗೆಯುವುದಿಲ್ಲ, ಕೆಲವು ಕಡೆ ಇಡೀ ಹಿಂಡನ್ನೇ ಯಾಕೆ ಕೊಲ್ಲುತ್ತಾರೆ ಎಂದು ತುಂಬಾ ಜನ ಕೇಳುತ್ತಾರೆ. ಒಂದು ಕಾರಣ ಈಗಾಗಲೇ ಹೇಳಿದೆ: ಉಳಿದವು ನೆಗೆಟಿವ್ ಬಂದರೂ ಅದರಲ್ಲಿ ಎಷ್ಟು ನಿಜ ಎಂದು ಹೇಳಲಾಗದು. ಇನ್ನೊಂದು ಕಾರಣ ನೆಲ. ಕೊಲರಾಡೊದಲ್ಲಿ ಸೋಂಕಿನ ಜಿಂಕೆಗಳು ಹಿಂದೆ ಇದ್ದ ಆವರಣಕ್ಕೆ, ಎರಡು ವರ್ಷಕ್ಕೂ ಹೆಚ್ಚು ಕಾಲದ ಬಳಿಕ, ಆರೋಗ್ಯವಂತ ಮ್ಯೂಲ್ ಜಿಂಕೆಗಳನ್ನು ಬಿಟ್ಟು ನೋಡಿದರು. ಅವುಗಳಲ್ಲೂ ಕೆಲವಕ್ಕೆ ರೋಗ ಬಂತು. ಪ್ರಿಯಾನ್ ಜೇಡಿಮಣ್ಣಿಗೆ ಅಂಟಿಕೊಂಡು ಉಳಿಯುತ್ತದೆ. ಬಿಸಿಲು, ಮಳೆ, ಹಿಮ ಯಾವುದೂ ಅದನ್ನು ಸುಲಭವಾಗಿ ಅಳಿಸುವುದಿಲ್ಲ.

ಈಗ ಕಾಡಿನ ಜಿಂಕೆಗಳಿಗೆ ಬರೋಣ, ಏಕೆಂದರೆ ಇದು ನಿಮ್ಮ ಊರಿನ ಸುತ್ತಲಿನದೇ ಕತೆ. 2001ರ ಶರತ್ಕಾಲದಲ್ಲಿ ಬೇಟೆಯಾದ ಮೂರು ಜಿಂಕೆಗಳಲ್ಲಿ ಸಿಡಬ್ಲ್ಯೂಡಿ ಇದೆ ಎಂದು 2002ರ ಫೆಬ್ರವರಿಯಲ್ಲಿ ಗೊತ್ತಾಯಿತು. ಮ್ಯಾಡಿಸನ್‌ನ ಪಶ್ಚಿಮಕ್ಕೆ, ಮೌಂಟ್ ಹೊರೆಬ್ ಆಸುಪಾಸಿನ ಜಿಂಕೆಗಳು ಅವು. ಮಿಸಿಸಿಪಿ ನದಿಯ ಪೂರ್ವಕ್ಕೆ ಅದೇ ಮೊದಲ ಪತ್ತೆ. ಜಿಂಕೆಗಳ ಸಂಖ್ಯೆ ತೀರಾ ಇಳಿಸಿ ರೋಗವನ್ನೇ ಅಳಿಸುವ ಯೋಜನೆ ಹಾಕಿದರು. ಅದು ಫಲಿಸಲಿಲ್ಲ. ಬಳಿಕ 2017ರಿಂದ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಡೇನ್, ಅಯೋವಾ ಮತ್ತು ಗ್ರಾಂಟ್ ಕೌಂಟಿಗಳಲ್ಲಿ ದೊಡ್ಡ ಅಧ್ಯಯನ ನಡೆಸಿತು. ನೂರಾರು ಜಿಂಕೆಗಳನ್ನು ಹಿಡಿದು ಜಿಪಿಎಸ್ ಕಾಲರ್ ಹಾಕಿದರು. ಹಿಡಿದಾಗಲೇ ಗುದನಾಳದ ಚೂರು ತೆಗೆದರು. ಆಮೇಲೆ ಯಾವ ಜಿಂಕೆ ಎಷ್ಟು ಕಾಲ ಬದುಕುತ್ತದೆ, ಹೇಗೆ ಸಾಯುತ್ತದೆ ಎಂದು ಬೆನ್ನು ಹತ್ತಿದರು. ಸೋಂಕಿದ್ದ ಜಿಂಕೆಗಳು ಸೋಂಕಿಲ್ಲದವಕ್ಕಿಂತ ಬಹಳ ಬೇಗ ಸಾಯುತ್ತವೆ ಎಂಬುದು ಖಚಿತವಾಯಿತು.

ಬದುಕಿರುವ ಜಿಂಕೆಯ ಪರೀಕ್ಷೆಗೆ ನಿಜವಾದ ಬೆಲೆ ಇರುವುದು ಇಂಥ ಕಡೆ ಎಂದು ನಾನು ನಂಬುತ್ತೇನೆ. ಸತ್ತ ಜಿಂಕೆಯ ತಲೆ "ಇದಕ್ಕೆ ರೋಗ ಇತ್ತು" ಎಂದಷ್ಟೇ ಹೇಳುತ್ತದೆ. ರೋಗ ಹೊತ್ತ ಜಿಂಕೆ ಹೇಗೆ ಬದುಕಿತು, ಎಲ್ಲಿ ಓಡಾಡಿತು, ಎಷ್ಟು ಮರಿ ಹಾಕಿತು ಎಂದು ತಿಳಿಯಬೇಕಾದರೆ ಅದು ಬದುಕಿದ್ದಾಗಲೇ ನಮಗೆ ಗೊತ್ತಿರಬೇಕು. ಕೊಲರಾಡೊದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ 2008ರಿಂದ ಹೆಣ್ಣು ಎಲ್ಕ್‌ಗಳ ಮೇಲೆ ಇದೇ ರೀತಿಯ ಕೆಲಸ ನಡೆಯಿತು. ಅದೂ ಗುದನಾಳದ ಬಯಾಪ್ಸಿಯಿಂದಲೇ.

ಆದರೆ ಹಿಡಿಯುವುದೇ ಜಿಂಕೆಗೆ ಅಪಾಯ. ಬಲೆಗೆ ಸಿಕ್ಕು ಒದ್ದಾಡಿದ ಜಿಂಕೆಯ ಸ್ನಾಯುಗಳು ಹಾಳಾಗಿ, ಬಿಟ್ಟ ಕೆಲವು ದಿನಗಳಲ್ಲಿ ಸಾಯುವುದುಂಟು. ಮಂಪರು ಮದ್ದು ಕೊಟ್ಟಾಗ ಹೊಟ್ಟೆ ಉಬ್ಬರಿಸಬಹುದು, ಮೇವು ಶ್ವಾಸಕೋಶಕ್ಕೆ ಹೋಗಬಹುದು. ಮದ್ದು ಕೊಟ್ಟ ಜಿಂಕೆಯ ಮಾಂಸವನ್ನು ಕೆಲವು ಕಾಲ ತಿನ್ನಬಾರದು. ಅದಕ್ಕೇ ಕಿವಿಗೆ ಎಚ್ಚರಿಕೆಯ ಬಿಲ್ಲೆ ಹಾಕಿ ಬಿಡುತ್ತಾರೆ.

ಪರೀಕ್ಷೆ ಎಷ್ಟು ಬೇಗ ಸುಧಾರಿಸಿದರೆ ಅಷ್ಟು ಒಳ್ಳೆಯದು ಎಂದು ನನಗೆ ಅನಿಸುವುದು ನಾರ್ವೆಯನ್ನು ನೆನೆದಾಗ. 2016ರಲ್ಲಿ ಅಲ್ಲಿನ ನೂರ್‌ಫ್ಯೆಲ್ಲಾ ಬೆಟ್ಟಗಳಲ್ಲಿ ಒಂದು ಕಾಡು ಹಿಮಸಾರಂಗದಲ್ಲಿ ಸಿಡಬ್ಲ್ಯೂಡಿ ಸಿಕ್ಕಿತು. ಯೂರೋಪಿನಲ್ಲಿ ಅದೇ ಮೊದಲು. ಹರಡುವ ಮೊದಲೇ ತಡೆಯಬೇಕೆಂದು 2017 ಮತ್ತು 2018ರಲ್ಲಿ ಆ ಹಿಂಡನ್ನೇ, ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳನ್ನು, ಕೊಂದರು. ಅಷ್ಟರಲ್ಲಿ ಒಟ್ಟು 19 ಪಾಸಿಟಿವ್ ಸಿಕ್ಕವು. ಆ ನಿರ್ಧಾರ ತಪ್ಪು ಎಂದು ನಾನು ಹೇಳುವುದಿಲ್ಲ. ಅವರ ಕೈಯಲ್ಲಿ ಬೇರೆ ದಾರಿ ಇರಲಿಲ್ಲ. ಬೆಟ್ಟದ ಮೇಲೆ ಓಡುವ ಎರಡು ಸಾವಿರ ಪ್ರಾಣಿಗಳನ್ನು ಹಿಡಿದು ಒಂದೊಂದರ ಚೂರು ತೆಗೆಯಲು ಆಗುತ್ತಿರಲಿಲ್ಲ. ತೆಗೆದಿದ್ದರೂ ಆರಂಭದ ಹಂತದವು ತಪ್ಪಿಸಿಕೊಳ್ಳುತ್ತಿದ್ದವು. ಆದರೂ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ ಸಂಕಟವಾಗುತ್ತದೆ. 2020ರಲ್ಲಿ ಪಕ್ಕದ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಯಲ್ಲೂ ರೋಗ ಕಾಣಿಸಿಕೊಂಡಿತು.

ಸುಧಾರಣೆಯ ಆಸೆ ಇರುವುದು ಆರ್‌ಟಿ-ಕ್ವಿಕ್ ಎಂಬ ವಿಧಾನದಲ್ಲಿ. ಪ್ರಿಯಾನ್‌ನ ಹೆಪ್ಪಿನ ಗುಣವನ್ನೇ ಇದು ಬಳಸಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ತಯಾರಿಸಿದ ಒಳ್ಳೆಯ ಪ್ರೋಟೀನಿನ ದ್ರಾವಣಕ್ಕೆ ಜಿಂಕೆಯ ಮಾದರಿಯನ್ನು ಒಂದಿಷ್ಟು ಹಾಕಿ, ಬೆಚ್ಚಗೆ ಇಟ್ಟು, ಗಂಟೆಗಟ್ಟಲೆ ಅಲುಗಾಡಿಸುತ್ತಾರೆ. ಮಾದರಿಯಲ್ಲಿ ಪ್ರಿಯಾನ್ ಇದ್ದರೆ ದ್ರಾವಣದ ಪ್ರೋಟೀನುಗಳೂ ಮಡಿಕೆ ತಪ್ಪಿ ನಾರುಗಳಾಗುತ್ತವೆ. ಆ ನಾರುಗಳಿಗೆ ಅಂಟುವ ಒಂದು ಬಣ್ಣ ಹೊಳೆಯತೊಡಗುತ್ತದೆ, ಯಂತ್ರ ಅದನ್ನು ಅಳೆಯುತ್ತದೆ. ಕಣ್ಣಿಗೆ ಕಾಣದಷ್ಟು ಕಡಿಮೆ ಪ್ರಿಯಾನ್ ಇದ್ದರೂ ಸಿಕ್ಕಿಬೀಳುತ್ತದೆ. ಮನುಷ್ಯರಿಗೆ ಬರುವ ಪ್ರಿಯಾನ್ ಕಾಯಿಲೆಯಾದ ಕ್ರೂಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆಗೆ ಬೆನ್ನುಹುರಿಯ ದ್ರವದಲ್ಲಿ ಈ ಪರೀಕ್ಷೆ ಈಗಾಗಲೇ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಜಿಂಕೆಗಳಲ್ಲಿ ಜೊಲ್ಲು, ಹಿಕ್ಕೆ, ರಕ್ತ, ಕಿವಿಯ ಚೂರು ಎಲ್ಲದರ ಮೇಲೂ ಪ್ರಯತ್ನ ನಡೆದಿದೆ. ಕಿವಿಯ ಚೂರಿನ ಬಗ್ಗೆ ನನಗೆ ವಿಶೇಷ ಆಸೆ ಇದೆ, ಯಾಕೆಂದರೆ ಫಾರ್ಮಿನಲ್ಲಿ ಕಿವಿಗೆ ಬಿಲ್ಲೆ ಚುಚ್ಚುವಾಗಲೇ ಅದು ಸಿಗುತ್ತದೆ. ರಕ್ತ ಮಾತ್ರ ಇನ್ನೂ ಕಷ್ಟ. ಸೋಂಕಿತ ಜಿಂಕೆಯ ರಕ್ತದಿಂದ ರೋಗ ದಾಟುತ್ತದೆ ನಿಜ, ಆದರೆ ಅದರಲ್ಲಿ ಪ್ರಿಯಾನ್ ತೀರಾ ಕಡಿಮೆ. ಮೇಲಾಗಿ ರಕ್ತದಲ್ಲಿರುವ ಬೇರೆ ವಸ್ತುಗಳು ಈ ಕ್ರಿಯೆಗೆ ಅಡ್ಡಬರುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಹಿಕ್ಕೆ ಮೂಸಿ ಸೋಂಕು ಗುರುತಿಸಲು ನಾಯಿಗಳಿಗೂ ತರಬೇತಿ ಕೊಟ್ಟು ನೋಡಿದ್ದಾರೆ, ಫಲಿತಾಂಶ ಆಶಾದಾಯಕವಾಗಿದೆ.

ಇನ್ನು ನಿಮ್ಮ ಪರಿಚಯದವರ ಮಾಂಸ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಭಾವಿಸುವುದಿಲ್ಲ. ಪರೀಕ್ಷೆ ಮಾಡಿಸಿರಬಹುದು, ನೆಗೆಟಿವ್ ಬಂದಿರಬಹುದು. ಆದರೆ ತಟ್ಟೆಗೆ ಬರುವ ಮಾಂಸಕ್ಕೆ ಆ ನೆಗೆಟಿವ್ ಸಾಲದು. ಕೊಂದ ಮೇಲೆ ಅದೇ ಜಿಂಕೆಯ ಗಂಟಲ ಗ್ರಂಥಿ ಅಥವಾ ಆಬೆಕ್ಸ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಆಗಿಲ್ಲದಿದ್ದರೆ ಬೇಡ ಎನ್ನಿ, ಮುಲಾಜು ಬೇಡ. ಆಗಿದ್ದರೂ ಪ್ರಯೋಗಾಲಯದ ವರದಿಯಲ್ಲಿ "ಪತ್ತೆಯಾಗಿಲ್ಲ" ಎಂದು ಇರುತ್ತದೆ, "ತಿನ್ನಲು ಸುರಕ್ಷಿತ" ಎಂದು ಯಾರೂ ಬರೆದುಕೊಡುವುದಿಲ್ಲ. ಇದುವರೆಗೆ ಸಿಡಬ್ಲ್ಯೂಡಿ ಮನುಷ್ಯರಿಗೆ ಬಂದಿದೆ ಎಂದು ಖಚಿತವಾದ ಒಂದು ಪ್ರಕರಣವೂ ಇಲ್ಲ. ಆದರೂ ಪಾಸಿಟಿವ್ ಬಂದ ಪ್ರಾಣಿಯ ಮಾಂಸ ತಿನ್ನಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸ್ಪಷ್ಟವಾಗಿ ಹೇಳುತ್ತದೆ. ಹುಚ್ಚು ಹಸು ಕಾಯಿಲೆ, ಅದೂ ಪ್ರಿಯಾನ್‌ನಿಂದಲೇ ಬರುವುದು, ಬ್ರಿಟನ್ನಿನಲ್ಲಿ ಮನುಷ್ಯರಿಗೆ ದಾಟಿದ್ದನ್ನು ಕಂಡಿದ್ದೇವೆ. ಹಾಗಾಗಿ ಈ ಎಚ್ಚರಿಕೆ ಅತಿಯಾಯಿತು ಎಂದು ನನಗೆ ಅನಿಸುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸರಿ ಎಂಬ ಮಾತು ಕೇಳಬೇಡಿ. ಅಡುಗೆಮನೆಯ ಬಿಸಿಗೆ, ಕುಕ್ಕರಿನ ಬಿಸಿಗೆ ಕೂಡ, ಪ್ರಿಯಾನ್ ನಾಶವಾಗುವುದಿಲ್ಲ.

ನಿಮ್ಮ ಹಿತ್ತಲಿನ ಬಡಕಲು ಜಿಂಕೆಯನ್ನು ಹಿಡಿದು ಬಯಾಪ್ಸಿ ಮಾಡಿ ಬಿಡುವ ವ್ಯವಸ್ಥೆ ಇಲ್ಲ. ಅಂಥ ಪರೀಕ್ಷೆ ಸಂಶೋಧನೆಗೆ ಮತ್ತು ಫಾರ್ಮುಗಳಿಗೆ ಸೀಮಿತ. ಬಡಕಲಾಗಲು ಬೇರೆ ಕಾರಣಗಳೂ ಇರಬಹುದು: ಹುಳ, ಸವೆದ ಹಲ್ಲು, ಹಳೆಯ ಗಾಯ, ಕಠಿಣ ಚಳಿಗಾಲ. ಆದರೆ ಜೊಲ್ಲು ಸುರಿಸುತ್ತಿದ್ದರೆ, ತಲೆ ಮತ್ತು ಕಿವಿ ಜೋತುಬಿದ್ದಿದ್ದರೆ, ಮನುಷ್ಯರನ್ನು ಕಂಡರೂ ಹೆದರದೆ ನಿಂತಿದ್ದರೆ, ಸಿಡಬ್ಲ್ಯೂಡಿಯ ಅನುಮಾನ ಹೆಚ್ಚು. ಹತ್ತಿರ ಹೋಗಬೇಡಿ, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ. ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಫೋನ್ ಮಾಡಿ, ಎಲ್ಲಿ, ಯಾವಾಗ ಕಂಡಿತು ಎಂದು ತಿಳಿಸಿ. ಅವರು ಬಂದು ಅದನ್ನು ಕೊಂದು ತಲೆಯ ಮಾದರಿ ಕಳಿಸಬಹುದು. ಕೇಳಲು ಕಷ್ಟ ಎಂದು ಗೊತ್ತು. ಆದರೆ ಲಕ್ಷಣ ತೋರಿಸುವ ಹಂತಕ್ಕೆ ಬಂದ ಸಿಡಬ್ಲ್ಯೂಡಿ ಜಿಂಕೆ ಉಳಿಯುವುದಿಲ್ಲ. ಇದಕ್ಕೆ ಮದ್ದಿಲ್ಲ, ಲಸಿಕೆಯೂ ಇಲ್ಲ. ಅಷ್ಟು ದಿನವೂ ಅದು ನಿಮ್ಮ ಹಿತ್ತಲಿನ ಹುಲ್ಲಿನ ಮೇಲೆ ಪ್ರಿಯಾನ್ ಬಿಡುತ್ತಿರುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಬೇಕು. ಹಿತ್ತಲಿಗೆ ಬರುವ ಜಿಂಕೆಗಳಿಗೆ ಜೋಳವನ್ನೋ ಉಪ್ಪಿನ ಗಡ್ಡೆಯನ್ನೋ ಇಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಒಂದೇ ಜಾಗದಲ್ಲಿ ಹತ್ತು ಜಿಂಕೆಗಳು ಬಾಯಿ ಹಾಕಿದರೆ ಒಂದರ ಜೊಲ್ಲು ಒಂಬತ್ತಕ್ಕೆ ಹೋಗುತ್ತದೆ. ನಿಮ್ಮ ಡೇನ್ ಕೌಂಟಿಯಲ್ಲಿ ಅದು ಕಾನೂನಿಗೂ ವಿರುದ್ಧ.